‘ಇಂಟಿಗ್ರೇಟಿವ್’ ಕೌನ್ಸೆಲಿಂಗ್ ಅಂದ್ರೇನು?

ಡೊಂಬಿವಲಿ ಓದುಗ: ಆತಂಕ, ನಿದ್ದೆಗೇಡಿಗೆ ಇದು ಆಗುತ್ತಾ? ಮರಾಠಿಯಲ್ಲೇ ಮಾತಾಡಬೇಕಾ?

ಮಾಟುಂಗಾದಿಂದ ಉತ್ತರ: ಆಗುತ್ತೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಹೇಳಿದ ಹಾಗೆ ತೀರ್ಪು ಕೊಡದೆ ಆಲಿಸೋದು, ಸಿಬಿಟಿಯಂತೆ (ಯೋಚನೆ, ನಡವಳಿಕೆ ಬದಲಿಸೋ ಚಿಕಿತ್ಸೆ) ಯೋಚನೆಗಳನ್ನ ಬರೆದಿಟ್ಟು ಪರೀಕ್ಷಿಸೋದು, ಬಾಲ್ಯದ ಸಂಬಂಧಗಳನ್ನ ನೋಡೋದು, ಇವನ್ನೆಲ್ಲ ಕೌನ್ಸೆಲರ್ ನಿಮ್ಮ ತೊಂದರೆಗೆ ತಕ್ಕಂತೆ ಹೆಣೀತಾರೆ. ಸಾಮಾನ್ಯವಾಗಿ ವಾರಕ್ಕೊಮ್ಮೆ, ಸುಮಾರು 50 ನಿಮಿಷ. ‘ಈಗ ಈ ವಿಧಾನವೇ ಯಾಕೆ?’ ಅಂತ ಕೇಳಿ. ಕಾರಣ ಹೇಳಲಾಗದಿದ್ದರೆ ಅದು ಬರೀ ಕಲಸುಮೇಲೋಗರ.

ಕೋಥ್ರುಡ್‌ನಿಂದ ಇನ್ನೊಂದು ಉತ್ತರ: ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಕೇಳಿ. ಮಾತ್ರೆ ಬರೆಯೋದು ಮನೋವೈದ್ಯರು. ಹಳೇ ನೋವು ಕೆದಕಿದಾಗ ಸಂಕಟ ಹೆಚ್ಚಾಗಿ ಎಷ್ಟೋ ಜನ ಹೇಳದೇ ಕೌನ್ಸೆಲಿಂಗ್ ಬಿಟ್ಟುಬಿಡ್ತಾರೆ. ಬಿಡೋ ಮುಂಚೆ ಅದನ್ನೇ ಕೌನ್ಸೆಲರ್ ಮುಂದೆ ಹೇಳಿ, ವೇಗ ತಗ್ಗಿಸ್ತಾರೆ. ಅಳು ಬರೋದು ತಾಯ್ನುಡಿಯಲ್ಲೇ, ಆನ್‌ಲೈನ್ ಆದರೂ ಸರಿ, ಕನ್ನಡ ಬಲ್ಲವರನ್ನೇ ಹುಡುಕಿ.

ಮತ್ತೆ ಮಾಟುಂಗಾ: ಬದುಕೇ ಬೇಡ ಅನ್ನಿಸಿದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನದ 24 ಗಂಟೆಯೂ ಉಚಿತ.