ಚಿಕ್ಕಮ್ಮ, ವಿಪಿಎನ್‌ಗೆ ದುಡ್ಡು ಕಟ್ಟುವ ಮೊದಲು ಇದನ್ನು ಕೇಳಿ

ಚಿಕ್ಕಮ್ಮ, ನಿಮ್ಮ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಎರಡು ಸಾಲಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಹಾಗಾಗಿ ಎದುರಿಗೆ ಕೂತು ಮಾತಾಡಿದ ಹಾಗೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ವಿಪಿಎನ್ ಇಲ್ಲದಿದ್ದರೆ ಬ್ಯಾಂಕ್ ಪಾಸ್‌ವರ್ಡ್ ಕದಿಯುತ್ತಾರೆ ಅಂತ ಒಂದು ಜಾಹೀರಾತು ನೋಡಿ, ಹೆದರಿ, ಯಾವುದೋ ಫ್ರೀ ಆ್ಯಪ್ ಹಾಕಿಕೊಂಡಿದ್ದೀರಿ. ಅದೇ ಸಾಕಾ, ಇಲ್ಲ ಮೂರು ವರ್ಷದ ಪ್ಲ್ಯಾನ್ ತಗೊಳ್ಳಬೇಕಾ ಅಂತ ಕೇಳಿದ್ದೀರಿ.

ಆ ಫ್ರೀ ಆ್ಯಪ್ ಮೊದಲು ತೆಗೆಯಿರಿ. ಪ್ಲ್ಯಾನ್ ಸದ್ಯಕ್ಕೆ ಬೇಡ.

ಯಾಕೆ ಅಂದರೆ, ವಿಪಿಎನ್ ಮಾಡುವ ಕೆಲಸ ಜಾಹೀರಾತಿನಲ್ಲಿ ಹೇಳಿದಷ್ಟು ದೊಡ್ಡದಲ್ಲ. ನಿಮ್ಮ ಫೋನಿನಿಂದ ವಿಪಿಎನ್ ಕಂಪನಿಯ ಸರ್ವರ್ (ಅವರ ಕಂಪ್ಯೂಟರ್) ತನಕ ಮುಚ್ಚಿದ ಪೈಪ್ ಹಾಕಿದ ಹಾಗೆ ಅಂದುಕೊಳ್ಳಿ. ಇಂಟರ್ನೆಟ್ ಕೊಡುವವರಿಗೆ, ವೈಫೈ ಕೊಟ್ಟವರಿಗೆ ಪೈಪಿನೊಳಗೆ ಏನು ಹೋಗುತ್ತಿದೆ ಅಂತ ಕಾಣುವುದಿಲ್ಲ. ನೀವು ನೋಡುವ ವೆಬ್‌ಸೈಟಿಗೂ ನಿಮ್ಮ ಐಪಿ (ಇಂಟರ್ನೆಟ್ಟಿನಲ್ಲಿ ನಿಮ್ಮ ವಿಳಾಸದ ನಂಬರ್) ಬದಲು ಆ ಸರ್ವರಿನ ಐಪಿ ಕಾಣುತ್ತದೆ. ಸರಿ. ಆದರೆ ಪೈಪಿನ ಆ ಕಡೆ ಬಾಯಲ್ಲಿ ಕೂತಿರುವುದು ವಿಪಿಎನ್ ಕಂಪನಿ, ಅಲ್ವಾ? ಇವರಿಗೆ ಕಾಣದಂತೆ ಮುಚ್ಚಿದ್ದೆಲ್ಲ ಅವರ ಮುಂದೆ ಹೋಗಿ ಬೀಳುತ್ತದೆ. ಅವರು ಯಾರು ಅಂತ ಗೊತ್ತಿಲ್ಲದೆ ಹಾಕಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಬ್ಯಾಂಕ್ ಪಾಸ್‌ವರ್ಡ್ ವಿಷಯಕ್ಕೆ ಬರೋಣ. ಬ್ಯಾಂಕಿನ ಸೈಟು, ಆ್ಯಪು ಎಲ್ಲ ಈಗ ಎಚ್‌ಟಿಟಿಪಿಎಸ್‌ನಲ್ಲೇ ನಡೆಯುತ್ತವೆ, ಅಂದರೆ ನೀವು ಒತ್ತಿದ್ದು ಫೋನಿನಿಂದ ಹೊರಡುವಾಗಲೇ ಬೀಗ ಹಾಕಿಕೊಂಡು ಹೋಗುತ್ತದೆ. ವೈಫೈ ನಡೆಸುವವರಿಗೆ ಯಾವ ಸೈಟಿಗೆ ಹೋದಿರಿ ಅನ್ನುವುದು ಗೊತ್ತಾಗಬಹುದು, ಒಳಗೆ ಏನು ಬರೆದಿರಿ ಅನ್ನುವುದು ಗೊತ್ತಾಗುವುದಿಲ್ಲ. ಜನ ದುಡ್ಡು ಕಳೆದುಕೊಳ್ಳುವುದು ಸುಳ್ಳು ಲಿಂಕ್ ಒತ್ತಿ, ಫೋನಿನಲ್ಲಿ ಓಟಿಪಿ ಹೇಳಿ. ಅದನ್ನು ಯಾವ ವಿಪಿಎನ್ನೂ ತಡೆಯುವುದಿಲ್ಲ. ಗೂಗಲ್‌ಗೆ ಲಾಗಿನ್ ಆಗಿಯೇ ಹುಡುಕುತ್ತಿದ್ದರೆ, ವಿಪಿಎನ್ ಇದ್ದರೂ, ಗೂಗಲ್‌ಗೂ ನೀವು ಯಾರು ಅಂತ ಗೊತ್ತೇ ಇರುತ್ತದೆ.

ಫ್ರೀ ಆ್ಯಪ್ ಬೇಡ ಅಂದಿದ್ದು ಸುಮ್ನೆ ಅಲ್ಲ. ಅದನ್ನು ಮೊದಲ ಸಲ ಆನ್ ಮಾಡಿದಾಗ ಫೋನು ಒಂದು ಪೆಟ್ಟಿಗೆ ತೋರಿಸಿರುತ್ತದೆ, ಈ ಆ್ಯಪ್ ನಿಮ್ಮ ನೆಟ್‌ವರ್ಕ್ ಮೇಲೆ ಕಣ್ಣಿಡಬಹುದು, ನಂಬಿಕೆ ಇದ್ದರೆ ಮಾತ್ರ ಒಪ್ಪಿ ಅಂತ. ನಾವೆಲ್ಲ ಓದದೆ ಓಕೆ ಒತ್ತುತ್ತೇವೆ. ಫೇಸ್‌ಬುಕ್ 2013ರಲ್ಲಿ ಒನಾವೊ ಅನ್ನುವ ಫ್ರೀ ವಿಪಿಎನ್ ಕಂಪನಿಯನ್ನು ಕೊಂಡುಕೊಂಡು, ಜನ ಯಾವ ಯಾವ ಆ್ಯಪ್ ಎಷ್ಟು ಬಳಸುತ್ತಾರೆ ಅಂತ ಅದರಿಂದಲೇ ನೋಡುತ್ತಿತ್ತು. 2018ರಲ್ಲಿ ಆ್ಯಪಲ್ ಹೇಳಿದ ಮೇಲೆ ಅದನ್ನು ಆ್ಯಪ್ ಸ್ಟೋರಿನಿಂದ ತೆಗೆಯಬೇಕಾಯಿತು. ಇನ್ನು ಹೋಲಾ ಅಂತ ಒಂದಿದೆ, ಫ್ರೀಯಾಗಿ ಬಳಸುವವರ ಇಂಟರ್ನೆಟ್ಟನ್ನೇ ಬೇರೆಯವರಿಗೆ ಮಾರುತ್ತಿದೆ ಅಂತ 2015ರಲ್ಲಿ ದೊಡ್ಡ ಗಲಾಟೆ ಆಯಿತು. ಅಂದರೆ ಯಾರೋ ಗುರುತಿಲ್ಲದವರು ಮಾಡಿದ ಕೆಲಸಕ್ಕೆ ನಿಮ್ಮ ಐಪಿ ಕಾಣುತ್ತದೆ, ಯೋಚನೆ ಮಾಡಿ.

ಹಾಗಂತ ವಿಪಿಎನ್ ವೇಸ್ಟ್ ಅಂತ ನಾನು ಹೇಳುವುದಿಲ್ಲ. ಗುರುತಿಲ್ಲದ ವೈಫೈ ಜಾಸ್ತಿ ಬಳಸುವವರಿಗೆ, ಯಾವ ಸೈಟ್ ನೋಡುತ್ತೇನೆ ಅನ್ನುವುದು ಇಂಟರ್ನೆಟ್ ಕಂಪನಿಗೆ ಗೊತ್ತಾಗಬಾರದು ಅನ್ನುವವರಿಗೆ, ಸುದ್ದಿ ಸೈಟುಗಳನ್ನೇ ಮುಚ್ಚಿಸುವ ಕಡೆ ಇರುವವರಿಗೆ ಅದು ನಿಜವಾಗಿಯೂ ಬೇಕು. ಆಫೀಸಿನವರು ಕೊಡುವ ವಿಪಿಎನ್ ಬೇರೆ, ಅದು ಆಫೀಸಿನ ಒಳಗಿನ ಫೈಲ್ ತೆರೆಯಲಿಕ್ಕೆ. ಅದನ್ನು ಇದರ ಜೊತೆ ಸೇರಿಸಬೇಡಿ.

ಮುಂದೆ ಎಂದಾದರೂ ತಗೊಳ್ಳುವುದಾದರೆ, "ಟಾಪ್ 10 ವಿಪಿಎನ್" ಅನ್ನುವ ಪಟ್ಟಿಗಳನ್ನು ನಂಬಬೇಡಿ. ಅಲ್ಲಿನ ಲಿಂಕ್ ಒತ್ತಿ ನೀವು ಕೊಂಡರೆ ಅವರಿಗೆ ಕಮಿಷನ್ ಬರುತ್ತದೆ. ವಿಪಿಎನ್ ಮಾರುವ ಕೇಪ್ ಅನ್ನುವ ಕಂಪನಿಯಂತೂ 2021ರಲ್ಲಿ ವಿಪಿಎನ್‌ಮೆಂಟರ್ ಅನ್ನುವ ವಿಮರ್ಶೆ ಸೈಟಿನವರನ್ನೂ ಕೊಂಡುಕೊಂಡಿತು, ಅದೇ ವರ್ಷ ಎಕ್ಸ್‌ಪ್ರೆಸ್‌ವಿಪಿಎನ್ ಅನ್ನೂ ಕೊಂಡುಕೊಂಡಿತು! ಆಮೇಲೆ "ನಾವು ಲಾಗ್ ಇಡುವುದಿಲ್ಲ" ಅಂತ, ಅಂದರೆ ಯಾರು ಯಾವಾಗ ಬಳಸಿದರು ಅನ್ನುವ ದಾಖಲೆ ಇಡುವುದಿಲ್ಲ ಅಂತ, ಎಲ್ಲರೂ ಬರೆದುಕೊಂಡಿರುತ್ತಾರೆ. ಪ್ಯೂರ್‌ವಿಪಿಎನ್ ಕೂಡ ಹಾಗೇ ಹೇಳುತ್ತಿತ್ತು, 2017ರಲ್ಲಿ ಆನ್‌ಲೈನ್ ಕಿರುಕುಳದ ಒಂದು ಕೇಸಿನಲ್ಲಿ ಅವರ ದಾಖಲೆಯಿಂದಲೇ ಎಫ್‌ಬಿಐಗೆ ಆಳು ಸಿಕ್ಕಿದ. ಆ ಮನುಷ್ಯ ಮಾಡಿದ್ದು ತಪ್ಪೇ, ಸಿಕ್ಕಿದ್ದು ಒಳ್ಳೆಯದಾಯಿತು. ಆದರೆ ಕಂಪನಿ ಹೇಳಿದ್ದು ಒಂದು, ಇಟ್ಟುಕೊಂಡಿದ್ದು ಇನ್ನೊಂದು. ಅದೇ 2023ರಲ್ಲಿ ಸ್ವೀಡನ್ ಪೊಲೀಸರು ವಾರಂಟ್ ಹಿಡಿದು ಮುಲ್ವಾಡ್ ಅನ್ನುವ ವಿಪಿಎನ್ ಕಂಪನಿಯ ಆಫೀಸಿಗೆ ಹೋದಾಗ, ಕೊಡಲಿಕ್ಕೆ ಗ್ರಾಹಕರ ಮಾಹಿತಿಯೇ ಇಲ್ಲದೆ ಬರಿಗೈಯಲ್ಲಿ ವಾಪಸ್ ಬಂದರು. ನಾನು ನೋಡುವುದು ಇಂಥದ್ದನ್ನು. ಹೊರಗಿನವರಿಂದ ಆಡಿಟ್ ಮಾಡಿಸಿದ್ದಾರಾ, ಆ್ಯಪ್‌ನ ಕೋಡ್ ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟಿದ್ದಾರಾ, ಮಾಲೀಕರು ಯಾರು ಅಂತ ಬರೆದಿದ್ದಾರಾ, ಇಷ್ಟು ನೋಡಿ. ಫ್ರೀಯೇ ಬೇಕು ಅಂದರೆ ಪ್ರೋಟಾನ್ ವಿಪಿಎನ್‌ನ ಫ್ರೀ ಪ್ಲ್ಯಾನ್ ಪರವಾಗಿಲ್ಲ, ಜಾಹೀರಾತು ಇಲ್ಲ, ಡೇಟಾ ಮಿತಿಯೂ ಇಲ್ಲ, ದುಡ್ಡು ಕೊಡುವ ಗ್ರಾಹಕರಿಂದ ಅದು ನಡೆಯುತ್ತದೆ.

ಕಿಲ್ ಸ್ವಿಚ್ ಮಾತ್ರ ಮರೆಯಬೇಡಿ. ಒಂದು ಸಲ ಪ್ರಯಾಣದಲ್ಲಿ ನನ್ನ ಫೋನಿನ ಮೇಲ್ಗಡೆ ಇದ್ದ ಸಣ್ಣ ಕೀಲಿ ಗುರುತು ಯಾವಾಗಲೋ ಹೋಗಿಬಿಟ್ಟಿತ್ತು, ನಾನು ವಿಪಿಎನ್ ಇದೆ ಅಂದುಕೊಂಡೇ ಅರ್ಧ ದಿನ ಬಳಸಿದೆ. ಕಿಲ್ ಸ್ವಿಚ್ ಆನ್ ಇದ್ದರೆ ವಿಪಿಎನ್ ಬಿದ್ದ ತಕ್ಷಣ ಇಂಟರ್ನೆಟ್ಟೂ ನಿಲ್ಲುತ್ತದೆ, ಗೊತ್ತಾಗುತ್ತದೆ. ಮೂರು ವರ್ಷದ್ದು ಒಟ್ಟಿಗೆ ಕಟ್ಟಲೇಬೇಡಿ, ಮೊದಲು ಒಂದು ತಿಂಗಳು ನೋಡಿ. ವಿಪಿಎನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್ ತೆರೆಯುವುದೇ ಇಲ್ಲ.

ಈಗ ಆ ಆ್ಯಪ್ ತೆಗೆದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ವಿಪಿಎನ್ ಅಂತ ಹುಡುಕಿ, ಅದರ ಹೆಸರು ಅಲ್ಲಿ ಉಳಿದಿದ್ದರೆ ಅಳಿಸಿ. ಅದರಲ್ಲಿ ಅಕೌಂಟ್ ಮಾಡಿಕೊಂಡಿದ್ದರೆ, ಅದೇ ಪಾಸ್‌ವರ್ಡ್ ಇಮೇಲ್‌ಗೂ ಇಟ್ಟಿದ್ದರೆ, ಇಮೇಲ್‌ದು ಇವತ್ತೇ ಬದಲಾಯಿಸಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಸ್ಕ್ರೀನ್‌ಶಾಟ್ ಕಳಿಸಿ, ರಾತ್ರಿ ಫೋನ್ ಮಾಡಿ ಒಟ್ಟಿಗೆ ಮಾಡೋಣ.