ಒಂಬತ್ತನೇ ಮಹಡಿಯ ನಿಧಿ

"ಎಲ್ರೂ ಕೇಳಿ," ಎಂದು ನಾಗ ಕ್ರಯಪತ್ರ ಬಿಚ್ಚಿದ. "ಜಲ, ತರು, ಪಾಷಾಣ, ನಿಧಿ, ನಿಕ್ಷೇಪ, ಅಕ್ಷಿಣಿ, ಆಗಾಮಿ, ಸಿದ್ಧ, ಸಾಧ್ಯ... ಅಷ್ಟಭೋಗ ತೇಜಸ್ವಾಮ್ಯ ಸಮೇತ ಫ್ಲಾಟು ನನ್ನದಾಯ್ತು!"

"ಎಷ್ಟನೇ ಮಹಡಿ?" ರಾಯರು ಕಾಫಿ ಲೋಟದಿಂದ ತಲೆ ಎತ್ತಲಿಲ್ಲ.

"ಒಂಬತ್ತು."

"ಅದಕ್ಕೇ ಅಷ್ಟ ಅಂತ ಬರೆದು ಒಂಬತ್ತು ಕೊಟ್ಟಿದಾರೆ."

ಸೀತು ಬೆರಳು ಮಡಚಿ ಎಣಿಸಿದ. ಒಂಬತ್ತೇ.

"ಅಷ್ಟಭೋಗ ಅಂದ್ರೆ ನೆಲದ ಎಂಟು ಹಕ್ಕು, ತೇಜಸ್ವಾಮ್ಯ ಅಂದ್ರೆ ಒಡೆತನ," ಅಂದರು ರಾಯರು. "ಹೆಚ್ಚಾಗಿರೋದು ತರು. ವಿಜಯನಗರದ ತಾಮ್ರಶಾಸನಗಳಲ್ಲಿ 'ನಿಧಿನಿಕ್ಷೇಪಪಾಷಾಣಸಿದ್ಧಸಾಧ್ಯಜಲಾನ್ವಿತಂ' ಅಂತ ಆರು, 'ಅಕ್ಷಿಣ್ಯಾಗಾಮಿಸಂಯುಕ್ತಂ' ಅಂತ ಎರಡು. ಅಲ್ಲಿಗೆ ಎಂಟು. ಮರದ ಮಾತು ಆಮೇಲೆ, 'ಸಭೂರುಹಂ' ಅಂತ ಬಾಲದಲ್ಲಿ. ಪತ್ರ ಬರೆಯೋರು ಬಾಲ ತಂದು ಹೊಟ್ಟೆಗೆ ಸೇರಿಸಿದರು, ಎಣಿಕೆ ತಿದ್ದಲಿಲ್ಲ. ರಾಜ ಅಗ್ರಹಾರ ದಾನ ಕೊಡುವಾಗ ಕೆತ್ತಿಸಿದ ಮಾತಯ್ಯ ಅದು. ಹೂತ ಹೊನ್ನು ನಿಧಿ, ಯಾರೋ ಇಟ್ಟುಹೋದದ್ದು ನಿಕ್ಷೇಪ, ಸಾಗುವಳಿ ಆಗಿರೋದು ಸಿದ್ಧ, ಆಗಬಹುದಾದ್ದು ಸಾಧ್ಯ, ಈಗಿರೋ ಹುಟ್ಟುವಳಿ ಅಕ್ಷಿಣಿ, ಮುಂದೆ ಬರೋದು ಆಗಾಮಿ. ನಿನಗೆ ಬರೋ ಆಗಾಮಿ ಮೆಂಟೆನೆನ್ಸ್ ಬಿಲ್ಲು."

"ನಿಧಿ?"

"ಅಗಿ. ಎಂಟನೇ ಮಹಡಿಯವರ ಫ್ಯಾನು ಸಿಗುತ್ತೆ."

"ನೆಲದಲ್ಲೂ ನನಗೆ ಅವಿಭಾಜ್ಯ ಪಾಲಿದೆ!"

"ಎಕರೆಗೆ 43,560 ಚದರಡಿ. ಒಂದೇ ಅಳತೆಯ ನೂರು ಫ್ಲಾಟಿದ್ರೆ ತಲೆಗೆ 435 ಚಿಲ್ಲರೆ. ಆದ್ರೆ ಇದೇ ನಂದು ಅಂತ ಗೆರೆ ಎಳೆಯೋ ಹಾಗಿಲ್ಲ. ಹೊನ್ನಿನ ಹಂಡೆ ಸಿಕ್ಕಿತು ಅನ್ನು, ನೂರು ಜನ ಸೌಟು ಹಿಡ್ಕೊಂಡು ಇಳೀತಾರೆ. 1878ರ ಬ್ರಿಟಿಷ್ ನಿಧಿ ಕಾಯಿದೆಯಲ್ಲಿ 10 ರೂಪಾಯಿ ದಾಟಿದರೆ ಕಲೆಕ್ಟರಿಗೆ ತಿಳಿಸಬೇಕಿತ್ತು. ವಾರಸುದಾರರಿಲ್ಲ ಅಂತ ತೀರ್ಮಾನವಾಗಿ, ಬೇರೆ ಒಪ್ಪಂದವೂ ಇಲ್ಲದಿದ್ದರೆ, ಕಂಡವನಿಗೆ ಮುಕ್ಕಾಲು, ನೆಲದವನಿಗೆ ಕಾಲು."

"ಅಂದ್ರೆ ಮುಕ್ಕಾಲು ಜೆಸಿಬಿಯವನಿಗಾ?" ಸೀತುವಿಗೆ ಗಾಬರಿ.

"ತೇಜಸ್ವಾಮ್ಯ ನೋಡು! ಕರ್ನಾಟಕಕ್ಕೆ 1962ರಲ್ಲಿ ಬೇರೆ ಕಾಯಿದೆ ಬಂತು. ಸಿಕ್ಕಿದ್ದನ್ನ ಸದ್ದಿಲ್ಲದೆ ಮಡಿಲಿಗೆ ಹಾಕ್ಕೊಳ್ಳೋ ಹಾಗಂತೂ ಆಗಲಿಲ್ಲ. ಕಲ್ಲು ತೆಗೆದು ಮಾರೋಕೆ ಗಣಿ ಇಲಾಖೆಯ ಅಪ್ಪಣೆ ಬೇಕು. 2001ರ ತಿದ್ದುಪಡಿವರೆಗೆ ನಿನ್ನ ಹಿತ್ತಲಲ್ಲಿ ತಾನಾಗಿ ಹುಟ್ಟಿದ ಶ್ರೀಗಂಧ ಕೂಡ ಸರಕಾರದ್ದೇ."

"ಹಾಗಾದ್ರೆ ಈ ಸಾಲು ದಂಡಾನಾ?"

"ಮದುವೆ ಮಂತ್ರದ ಹಾಗೆ, ಗಾಂಭೀರ್ಯಕ್ಕೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 8ನೇ ಕಲಮು ನೋಡು: ಬೇರೆ ಷರತ್ತು ಹಾಕದಿದ್ರೆ, ಮಾರುವವನು ಕೊಡಬಲ್ಲ ಹಕ್ಕೆಲ್ಲ ದಾಟುತ್ತೆ. ಅವನ ಹತ್ತಿರ ಇಲ್ಲದ್ದು ಅಷ್ಟಭೋಗ ಅಲ್ಲ, ಅಷ್ಟೋತ್ತರ ಹೇಳಿದ್ರೂ ಬರಲ್ಲ. ಮೊದಲು ಚಕ್ಕುಬಂದಿ ಓದು."

"ಪೂರ್ವಕ್ಕೆ ಲಿಫ್ಟು, ಪಶ್ಚಿಮಕ್ಕೆ ಬಯಲು, ಉತ್ತರಕ್ಕೆ 903, ದಕ್ಷಿಣಕ್ಕೆ ಮೆಟ್ಟಿಲು."

"ನಿಮ್ಮಪ್ಪನ ಪತ್ರದಲ್ಲಿ?"

ನಾಗನಿಗೆ ಅದು ಬಾಯಿಪಾಠ. "ಮೂಡಲಿಗೆ ಕರಿಯಪ್ಪನ ಹೊಲ, ಪಡುವಲಿಗೆ ಓಣಿ, ಬಡಗಲಿಗೆ ಕೆರೆಕೋಡಿ, ತೆಂಕಲಿಗೆ ದ್ಯಾವಮ್ಮನ ಹುಣಸೆಮರ."

"903ರಲ್ಲಿ ಯಾರಿದ್ದಾರೆ?"

ನಾಗ ಹಾಳೆ ಮಗುಚಿ ಹುಡುಕಿದ.