ಮಗನ ಊರಲ್ಲಿ ಗಡಿಯಾರ ಮುಂದೆ ಹಾಕಿದ್ದಾರಂತೆ, ನಾನು ಎಷ್ಟು ಗಂಟೆಗೆ ಫೋನ್ ಮಾಡಲಿ?

ಕೋಡಿಬಾಗದ ಅಮ್ಮ:
ನಾನು ಕಾರವಾರದವಳು. ಮಗ ಕೆನಡಾದ ಕಾರ್ನರ್ ಬ್ರುಕ್‌ನಲ್ಲಿ ಓದುತ್ತಿದ್ದಾನೆ, ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಸಣ್ಣ ಊರು. ರಾತ್ರಿ ಪಾತ್ರೆ ತೊಳೆದಿಟ್ಟು 9.30ಕ್ಕೆ ಫೋನ್ ಮಾಡುತ್ತಿದ್ದೆ. ಅಲ್ಲಿ ಮಧ್ಯಾಹ್ನ 12.30, ಅವನ ಊಟದ ಹೊತ್ತು. ಬೆರಳಲ್ಲಿ ಒಂಬತ್ತು ಗಂಟೆ ಹಿಂದೆ ಎಣಿಸಿದರೆ ಆಯಿತು. ಮಾರ್ಚ್ ಎರಡನೇ ವಾರದಿಂದ ಫೋನ್ ಕಟ್ ಮಾಡಲು ಶುರು ಮಾಡಿದ. ಜ್ವರವೋ, ಸಿಟ್ಟೋ? ಮೂರು ರಾತ್ರಿ ನನಗೆ ನಿದ್ದೆ ಇಲ್ಲ. ಕೊನೆಗೆ ಮೆಸೇಜು: "ಕ್ಲಾಸಲ್ಲಿದ್ದೇನೆ ಅಮ್ಮಾ, ಇಲ್ಲಿ ಗಡಿಯಾರ ಮುಂದೆ ಹಾಕಿದ್ದಾರೆ."

ಇದು ಪ್ರತಿ ವರ್ಷವೂ ಇದೆಯಾ? ಇನ್ನೊಂದು, ನನ್ನ ತಂಗಿಯ ಮಗಳು ಟೊರೊಂಟೊದಲ್ಲಿದ್ದಾಳೆ. ಅವಳ ಲೆಕ್ಕಕ್ಕೆ ಯಾವಾಗಲೂ ಅರ್ಧ ಗಂಟೆಯ ಬಾಲ ಇರುತ್ತದೆ. ಇವನದ್ದಕ್ಕೆ ಯಾಕಿಲ್ಲ?

ಶಿರಸಿ ಮಾಣಿ:
ಅಕ್ಕಾ, ಅದೇ ಊರಲ್ಲಿ ನಾನು ಎರಡು ವರ್ಷ ಇದ್ದೆ. ಹೌದು, ಪ್ರತಿ ವರ್ಷದ ಕಥೆ. ಮಾರ್ಚ್ ಎರಡನೇ ಭಾನುವಾರ ಒಂದು ಗಂಟೆ ಮುಂದೆ, ನವೆಂಬರ್ ಮೊದಲ ಭಾನುವಾರ ವಾಪಸ್. ಈಗ ಎಂಟೇ ಗಂಟೆ ವ್ಯತ್ಯಾಸ. ರಾತ್ರಿ 8.30ಕ್ಕೆ ಮಾಡಿ, ಊಟದ ಹೊತ್ತಿಗೇ ಸಿಗುತ್ತಾನೆ.

ಬಾಲದ ವಿಷಯ. ನಾವು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ, ಅವರು ಮೂರೂವರೆ ಹಿಂದೆ. ಎರಡು ಅರ್ಧ ಸೇರಿ ಒಂದಾಯಿತು. ನ್ಯೂಫೌಂಡ್‌ಲ್ಯಾಂಡ್ ಕೆನಡಾಕ್ಕೆ ಸೇರಿದ್ದೇ 1949ರಲ್ಲಿ. ಸೇರಿದರೂ ತಮ್ಮ ಗಡಿಯಾರ ಬಿಟ್ಟುಕೊಡಲಿಲ್ಲ.

ಊರು ನೋಡಿದರೆ ನಿಮಗೆ ಗುರ್ತು ಸಿಗುತ್ತದೆ. ನದಿ ಸಮುದ್ರ ಸೇರುವ ಜಾಗ, ಪಕ್ಕದಲ್ಲೇ ಪೇಪರ್ ಮಿಲ್. ದಾಂಡೇಲಿಯನ್ನು ಎತ್ತಿ ಕಾಳಿ ಸೇತುವೆ ಹತ್ತಿರ ತಂದಿಟ್ಟ ಹಾಗೆ. ಮೇಲಿಂದ ಹಿಮ.

ನಾನು ಮೀನು ತಿನ್ನದವನು. ಒಂದು ಕಡೆ ಊಟಕ್ಕೆ ಹೋಗಿ, "ಇದರಲ್ಲಿ ಫಿಶ್ ಇದೆಯಾ?" ಅಂತ ಕೇಳಿದೆ. ಬಡಿಸುವ ಅಜ್ಜಿ ಇಲ್ಲ ಅಂದಳು. ಬಾಯಿಗಿಟ್ಟರೆ ಸಾಲ್ಮನ್ ಮಾರಾಯ್ರೆ! ಅಲ್ಲಿನ ಹಳಬರಿಗೆ ಫಿಶ್ ಅಂದರೆ ಕಾಡ್ ಮೀನು ಒಂದೇ, ಉಳಿದದ್ದಕ್ಕೆಲ್ಲ ಅದರದರ ಹೆಸರು. ಅಷ್ಟು ನಂಬಿಕೊಂಡಿದ್ದ ಮೀನು ಖಾಲಿಯಾಗಿ, ಪೂರ್ವ ಕರಾವಳಿಯಲ್ಲಿ ಅದನ್ನು ಹಿಡಿಯಲು ಸರ್ಕಾರ ನಿಷೇಧ ಹಾಕಿದ್ದು 1992ರಲ್ಲಿ, ತೆಗೆದದ್ದು 2024ರಲ್ಲಿ. ನಮ್ಮಲ್ಲಿ ಜೂನ್, ಜುಲೈ ಎರಡೇ ತಿಂಗಳು ಬೋಟು ನಿಂತರೂ ಕಾರವಾರದ ಮೀನುಪೇಟೆ ಹೇಗಿರುತ್ತದೆ ಅಂತ ನಿಮಗೇ ಗೊತ್ತಲ್ವಾ.

ಬೈತಖೋಲದ ಮಾಸ್ತರ:
ತಂಗೀ, ನಮ್ಮ ಗಡಿಯಾರವೂ ನಮ್ಮದಲ್ಲ. ಭಾರತದ ಸಮಯ ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖೆಯದ್ದು. ಕಾರವಾರ ಇರುವುದು 74ರ ಆಸುಪಾಸು. ಡಿಗ್ರಿಗೆ ನಾಲ್ಕು ನಿಮಿಷ, ಲೆಕ್ಕ ಹಾಕು. ಈ ದಿನಗಳಲ್ಲಿ ಅಂಗಳದಲ್ಲಿ ಕೋಲು ನೆಟ್ಟು ನೋಡು, ನೆರಳು ಪೂರ್ತಿ ಗಿಡ್ಡವಾಗುವುದು 12.30 ದಾಟಿದ ಮೇಲೆ. ಮಗನ ಊರೂ ಅವರ ರೇಖೆಗಿಂತ ಪಶ್ಚಿಮಕ್ಕೇ ಇದೆ. ಸುಮಾರು 22 ನಿಮಿಷ ತಡ. ಗಡಿಯಾರ ಮುಂದೆ ಹಾಕದ ದಿನಗಳ ಮಾತು ಇದು.

ಕೋಡಿಬಾಗದ ಅಮ್ಮ:
ನಿನ್ನೆ 8.30ಕ್ಕೆ ಮಾಡಿದೆ, ಸಿಕ್ಕಿದ! ಒಲೆ ಮೇಲೆ ಬಂಗಡೆ ಸಾರು ಕುದಿಯುತ್ತಿತ್ತು. ಫೋನನ್ನು ಪಾತ್ರೆ ಕಡೆ ತಿರುಗಿಸು ಅಂದ. ಆವಿ ಹತ್ತಿ ಏನೂ ಕಾಣಲಿಲ್ಲವಂತೆ, ಆದರೂ ತೆಗೆಯಬೇಡ ಅಂದ. ಕಷ್ಟ ಏನೆಂದರೆ 8.30 ನಮ್ಮ ಮನೆಯವರ ವಾರ್ತೆ ಸಮಯ. ಟಿವಿ ಸಣ್ಣ ಮಾಡಿ ಅಂದರೆ ಮುಖ ಊದಿಸುತ್ತಾರೆ. ನವೆಂಬರ್ ತನಕ ತಡ್ಕೊಳ್ಳಿ ಅಂದಿದ್ದೇನೆ.